ಸಹಾಯ ಬೇಕು: ವಿಮ್‌ನಲ್ಲಿ ಸೇವ್ ಆಗದ ಹಾಡುಗಳನ್ನು ವಾಪಸ್ ಪಡೆಯೋದು ಹೇಗೆ?

ನಮಸ್ಕಾರ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಅಜ್ಜಿಯ ಸೋಬಾನೆ ಹಾಡುಗಳನ್ನು ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ ಟೈಪ್ ಮಾಡುತ್ತಿದ್ದೆ. ಸೇವ್ ಮಾಡುವ ಮೊದಲೇ ಕರೆಂಟ್ ಹೋಯಿತು. ಈಗ ಫೈಲ್ ತೆರೆದರೆ 'ಇ325' ಎಂಬ ಎಚ್ಚರಿಕೆ ಬರುತ್ತದೆ. ಸ್ವಾಪ್ ಫೈಲ್ (ಸೇವ್ ಆಗದ ಬರಹವನ್ನು ವಿಮ್ ಇಟ್ಟುಕೊಳ್ಳುವ ತಾತ್ಕಾಲಿಕ ಫೈಲ್) ಇದೆ, ರಿಕವರ್ ಮಾಡಲೋ, ಡಿಲೀಟ್ ಮಾಡಲೋ ಎಂದು ಕೇಳುತ್ತದೆ. ಭಯವಾಗಿ ಕ್ವಿಟ್ ಕೊಟ್ಟೆ. ಮೊದಲು ಆ ಸ್ವಾಪ್ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಟಿದ್ದೇನೆ.

200 ಅಕ್ಷರ ಒತ್ತಿದಾಗ, ಇಲ್ಲವೇ 4 ಸೆಕೆಂಡ್ ಕೈ ಬಿಟ್ಟಾಗ ವಿಮ್ ಸ್ವಾಪ್‌ಗೆ ಬರೆಯುತ್ತದೆ ಅಲ್ವಾ? ಹಾಗಾಗಿ ಜಾಸ್ತಿ ಹೋಗಿರಲಿಕ್ಕಿಲ್ಲ ಎಂಬ ಆಸೆ ಇದೆ. ಕೊನೆಯ ಮೂರು ಹಾಡು ಬೇರೆಲ್ಲೂ ಇಲ್ಲ. ಅಜ್ಜಿಗೆ ಮತ್ತೆ ಹಾಡುವಷ್ಟು ಉಸಿರಿಲ್ಲ.

ರಿಕವರ್ ಆದದ್ದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಹಳೆಯ ಫೈಲಿನ ಜೊತೆ ಹೋಲಿಸೋದು ಹೇಗೆ? ಸ್ವಾಪ್ ಫೈಲನ್ನು ಯಾವಾಗ ಅಳಿಸಬಹುದು? ಗೊತ್ತಿರುವವರು ದಯವಿಟ್ಟು ಒಂದೊಂದೇ ಹೆಜ್ಜೆ ಬಿಡಿಸಿ ಹೇಳಿ.