82 ವರ್ಷದ ಅಮ್ಮನಿಗೆ ಹಳೆಯ ಡೋಸೇ ಸರಿಯೇ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಮ್ಮನ ತೂಕ 45 ಕಿಲೋ. ಹತ್ತು ವರ್ಷಗಳಿಂದ ಅವೇ ಮಾತ್ರೆಗಳು, ಅದೇ ಡೋಸ್. ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.0, ವರದಿಯಲ್ಲಿ ನಾರ್ಮಲ್ ಎಂದೇ ಇದೆ. ಈಚೆಗೆ ಮಂಕಾಗಿದ್ದಾರೆ. ಡೋಸ್ ಕಡಿಮೆ ಮಾಡಿಸಿದವರು ಇದ್ದೀರಾ?

ಕಿರಿಮಗಳು: ‘ನಾರ್ಮಲ್’ ಎಂಬ ಪದ ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅಪ್ಪ ಹೃದಯಕ್ಕೆಂದು ಡಿಗಾಕ್ಸಿನ್ 0.25 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದರು. ಊಟ ಸೇರದಾಯಿತು. ಐದು ವಾರ ಅಲೆದೆವು. ಎಂಡೋಸ್ಕೋಪಿ ಒಂದು, ಸ್ಕ್ಯಾನ್ ಎರಡು, ರಕ್ತ ತೆಗೆದದ್ದು ಏಳು ಸಲ. ನರ ಸಿಗದೆ ಚುಚ್ಚಿ ಚುಚ್ಚಿ ಎಡ ಮುಂಗೈ ನೀಲಿಗಟ್ಟಿತ್ತು. ಒಂದು ಸಂಜೆ, ‘ಗೋಡೆಗೆ ಹಳದಿ ಬಳಿಸಿದ್ದು ಯಾವಾಗ?’ ಎಂದರು. ಗೋಡೆ ಬಿಳಿಯದೇ. ನಾಡಿ 42. ಡಿಗಾಕ್ಸಿನ್ ಮಟ್ಟ ನೋಡಿಸಿದ್ದು ಆಗ! ಮಾಂಸಖಂಡ ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಂತೆ. ಮೂತ್ರಪಿಂಡ ಸೋತು ಔಷಧ ಮೈಯಲ್ಲೇ ಉಳಿಯುತ್ತಿದ್ದರೂ ಅಂಕಿ ಸುಮ್ಮನೆ ಕುಳಿತಿರುತ್ತದೆ.

ನಿವೃತ್ತ ಫಾರ್ಮಸಿಸ್ಟ್: ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂದು ಅಂದಾಜಿಸಲು 1976ರಿಂದಲೂ ಸೂತ್ರ ಇದೆ. 140ರಲ್ಲಿ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಾದರೆ ಮತ್ತೆ 0.85ರಿಂದ ಗುಣಿಸಬೇಕು. ಕೇಳಿದವರ ತಾಯಿಗೆ 31ರ ಆಸುಪಾಸು ಬರುತ್ತದೆ. ಅದು ನಾರ್ಮಲ್ ಅಲ್ಲ. ಇಷ್ಟೆಲ್ಲ ಬಲ್ಲ ನಾನೇ ಹೆಂಡತಿಯ ವಿಷಯದಲ್ಲಿ ಎಡವಿದೆ. ನಿದ್ರೆಗೆಂದು ಡಯಾಜೆಪಾಮ್ ಇತ್ತು. ವಯಸ್ಸಾದಂತೆ ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುತ್ತದೆ; ಈ ಔಷಧ ಅದರಲ್ಲಿ ಹುದುಗಿ ದಿನಗಟ್ಟಲೆ ಉಳಿಯುತ್ತದೆ. ಮರೆವಿನ ಕಾಯಿಲೆ ಎಂದೇ ನಂಬಿದ್ದೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಕಣ್ಣು ತೆರೆಯಿತು.

ಹಿರಿಯ ಮಗ: ಸೂತ್ರಗೀತ್ರ ಏನೂ ಬೇಡ. ಅಮ್ಮನ ಬಿಪಿ ಮಾತ್ರೆಯನ್ನು ನಾನೇ ಎರಡಾಗಿ ಮುರಿದು ಕೊಡುತ್ತೇನೆ. ಗುಂಡುಕಲ್ಲಿನಂತೆ ಇದ್ದಾರೆ.

ನಿವೃತ್ತ ಫಾರ್ಮಸಿಸ್ಟ್: ನಿಧಾನವಾಗಿ ಕರಗುವ ಮಾತ್ರೆಯಾಗಿದ್ದರೆ? ಅಂಥವನ್ನು ಮುರಿದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಲೇ ರಕ್ತ ಸೇರಬಹುದು. ವೈದ್ಯರನ್ನು ಕೇಳದೆ ಮುರಿಯುವುದು ಧೈರ್ಯವಲ್ಲ, ಉಡಾಫೆ.

ಹಿರಿಯ ಮಗ: ಸ್ವಂತ ಮನೆಯ ನಿದ್ರೆಮಾತ್ರೆ ಗುರುತಿಸಲಾಗದವರು ನನಗೆ ಪಾಠ ಹೇಳುವುದೇ?

ಕಿರಿಮಗಳು: ಆ ಮಾತು ಬೇಕಿರಲಿಲ್ಲ. ಅಮ್ಮ ಎದ್ದು ನಿಂತಾಗ ಬಿಪಿ ಎಷ್ಟಿರುತ್ತದೆ, ಅಳೆದಿದ್ದೀರಾ? ಕುಳಿತಾಗಿನದ್ದಲ್ಲ.

ಹಿರಿಯ ಮಗ: ಅಳೆಯುವವಳು ತಂಗಿ. ವಾರದ ಡಬ್ಬಿ ತುಂಬುವವಳೂ ಅವಳೇ. ಬೆಳಿಗ್ಗೆ ಅದರಿಂದ ತೆಗೆದು ಮುರಿಯುತ್ತೇನೆ, ಉಳಿದರ್ಧ ನನ್ನ ಜೇಬಿಗೆ.

ಕಿರಿಮಗಳು: ಹಾಗಾದರೆ ಅಮ್ಮ ಪೂರ್ತಿ ಮಾತ್ರೆ ನುಂಗುತ್ತಿದ್ದಾರೆಂದು ಅವಳು ಬರೆದಿಡುತ್ತಿದ್ದಾಳೆ, ವೈದ್ಯರೂ ಅದನ್ನೇ ನಂಬಿ ಬರೆಯುತ್ತಿದ್ದಾರೆ. ಅಲ್ಲವೇ?

ಹಿರಿಯ ಮಗ: ಅದು ನಮ್ಮ ಮನೆಯ ವಿಷಯ.