ಸವೆದಿರುವುದು ರಿಂಗಾ, ಬೋರಾ?

ಪ್ರಶ್ನೆ:
ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಬಿಚ್ಚಿದ್ದೇನೆ. ಆಯಿಲ್ ಪದೇ ಪದೇ ಕಡಿಮೆಯಾಗುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ನೀಲಿ ಹೊಗೆ. ಪಿಸ್ಟನ್ ಸುತ್ತ ಕೂರುವ ಹಳೇ ಟಾಪ್ ರಿಂಗನ್ನು ಬೋರಿನ (ಸಿಲಿಂಡರಿನ ಒಳಗೋಡೆಯ) ಮೇಲ್ಭಾಗದಲ್ಲಿ ಕೂರಿಸಿ, ಸಂದಿ ಅಳೆಯುವ ತೆಳು ಪಟ್ಟಿ ಅಂದರೆ ಫೀಲರ್ ಗೇಜ್ ಹಾಕಿದರೆ, ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 0.80 ಮಿ.ಮೀ. ಇದೆ. ಮ್ಯಾನ್ಯುಯಲ್ ಪ್ರಕಾರ 0.20ರಿಂದ 0.35 ಇರಬೇಕು. ಹೊಸ ರಿಂಗ್ ಸೆಟ್ ಹಾಕಿದರೆ ಸಾಕಾ, ಬೋರನ್ನು ಕೊರೆದು ದೊಡ್ಡದು ಮಾಡಿಸುವ ರೀಬೋರ್ ಮಾಡಿಸಲೇಬೇಕಾ?

ಉತ್ತರ 1:
ಒಂದೇ ಜಾಗದಲ್ಲಿ ಅಳೆದರೆ ಗೊತ್ತಾಗುವುದಿಲ್ಲ. ಬೋರಿನ ತೀರಾ ಕೆಳಗೆ, ರಿಂಗ್ ಓಡಾಡದ ಜಾಗದಲ್ಲಿ ಸವೆತ ಇರುವುದಿಲ್ಲ, ಅಲ್ಲಿ ಒಮ್ಮೆ ಅಳೆಯಿರಿ. ಆಮೇಲೆ ಮೇಲೆ, ಅಂಚು ಕಟ್ಟಿರುತ್ತದಲ್ವಾ, ಅದರ ಸ್ವಲ್ಪ ಕೆಳಗೆ ಇನ್ನೊಮ್ಮೆ. ರಿಂಗನ್ನು ಬೆರಳಲ್ಲಿ ತಳ್ಳಬೇಡಿ, ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದ ತಳ್ಳಿ, ಇಲ್ಲದಿದ್ದರೆ ರಿಂಗ್ ಓರೆಯಾಗಿ ಕೂತು ಅಳತೆ ತಪ್ಪುತ್ತದೆ. ಕೆಳಗೂ ಗ್ಯಾಪ್ ಜಾಸ್ತಿ ಇದ್ದರೆ ರಿಂಗ್ ಸವೆದಿದೆ. ಎರಡು ಅಳತೆಗಳ ವ್ಯತ್ಯಾಸ ಬೋರಿನದು. ಆ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರಿನ ವ್ಯಾಸ ಎಷ್ಟು ದೊಡ್ಡದಾಗಿದೆ ಅಂತ ಸಿಗುತ್ತದೆ.

ಉತ್ತರ 2:
ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಗ್ರೂವ್ ಮರೆಯಬೇಡಿ, ತುಂಬಾ ಜನ ಅದನ್ನು ನೋಡುವುದೇ ಇಲ್ಲ. ಕಾರ್ಬನ್ ಪೂರ್ತಿ ತೆಗೆದು, ಆಯಿಲ್ ರಿಂಗಿನ ಗ್ರೂವ್‌ನಲ್ಲಿರುವ ತೂತುಗಳನ್ನೂ ಬಿಡಿಸಿ, ಆಮೇಲೆ ಹೊಸ ರಿಂಗ್ ಇಟ್ಟು ಪಕ್ಕದ ಸಂದಿಗೆ ಫೀಲರ್ ಹಾಕಿ ಸುತ್ತಲೂ ನೋಡಿ. ಹೊಸ ರಿಂಗಿಗೂ ಸಂದಿ ಮಿತಿ ಮೀರಿದ್ದರೆ ಪಿಸ್ಟನ್ನೇ ಸವೆದಿದೆ, ರಿಂಗ್ ಬದಲಿಸಿ ಉಪಯೋಗವಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ. ಕೆಳಗೆ 0.42, ಮೇಲೆ ಅದೇ 0.80. ಅಂದರೆ ಬೋರ್ ಸುಮಾರು 0.12 ಮಿ.ಮೀ. ಸವೆದಿದೆ. ರಿಂಗ್ ಸವೆದಿರುವುದು ಕಡಿಮೆಯೇ.

ಉತ್ತರ 1:
ಇಷ್ಟು ಸವೆದ ಬೋರಿಗೆ ಸುಮ್ನೆ ಹೊಸ ರಿಂಗ್ ಹಾಕಬೇಡಿ. ಮೇಲೆ ಅಗಲ, ಕೆಳಗೆ ಕಿರಿದು, ರಿಂಗ್ ಪ್ರತಿ ಸಲ ಹಿಗ್ಗಿ ಕುಗ್ಗಬೇಕಾಗುತ್ತದೆ, ಸರಿಯಾಗಿ ಕೂರುವುದಿಲ್ಲ. ಬೋರ್ ಅಂಡಾಕಾರವಾಗಿದ್ದರೆ ಈ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ, ಹಾಗಾಗಿ ಬೋರ್ ಗೇಜ್‌ನಲ್ಲಿ ಉದ್ದಕ್ಕೂ ಅಡ್ಡಕ್ಕೂ ಅಳೆಸಿ, ಮ್ಯಾನ್ಯುಯಲ್ ಮಿತಿ ದಾಟಿದ್ದರೆ ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿ.

ಉತ್ತರ 2:
ಹೌದು. ರೀಬೋರ್ ಆದಮೇಲೂ ಹೊಸ ರಿಂಗಿನ ಗ್ಯಾಪನ್ನು ಎಲ್ಲ ಬೋರಲ್ಲೂ ಅಳೆಯಿರಿ. ತೀರಾ ಬಿಗಿ ಇದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ತಾಗುತ್ತವೆ, ರಿಂಗ್ ಮುರಿಯಬಹುದು, ಬೋರಿಗೆ ಗೀರೂ ಬೀಳುತ್ತದೆ. ತುದಿಯನ್ನು ಸ್ವಲ್ಪ ಸ್ವಲ್ಪವೇ ಅರ ಹಾಕಿ ಸರಿಮಾಡಿ. ಚುಕ್ಕೆ ಅಥವಾ ಅಕ್ಷರ ಇರುವ ಮುಖ ಮೇಲಕ್ಕೆ ಬರಲಿ.