‘ಆರ್ಥಿಕ ಆಘಾತ’: ಈ ಬಳಕೆ ಎಲ್ಲ ಕಡೆಯೂ ಸಲ್ಲುತ್ತದೆಯೇ?

ಮಾನ್ಯರೇ,

ಮೊದಲ ಮಹಾಯುದ್ಧದಿಂದ ಎರಡನೆಯದರವರೆಗೆ ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆಗಳು ಬೆಳೆದ ಬಗೆಯನ್ನು ಕುರಿತ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಎಕನಾಮಿಕ್ ಶಾಕ್’ (ಆರ್ಥಿಕ ಸ್ಥಿತಿಯನ್ನು ಹಠಾತ್ತನೆ ಬದಲಿಸುವ ಹೊರಗಿನ ಘಟನೆ) ಎಂಬ ಮಾತು ಪುಟಕ್ಕೆರಡು ಬಾರಿ ಬರುತ್ತದೆ. ಕೆಲವೆಡೆ ‘ಹೊಡೆತ’ ಎಂದೂ ಕೆಲವೆಡೆ ‘ಮುಗ್ಗಟ್ಟು’ ಎಂದೂ ಬರೆದಿದ್ದೆ. ಕರಡು ತಿದ್ದಿದವರು ಎರಡನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಉದ್ದಕ್ಕೂ ‘ಆಘಾತ’ ಮಾಡಿದ್ದಾರೆ. ಪತ್ರಿಕೆಗಳ ರೂಢಿ ಅವರ ಕಡೆಗಿದೆ ಎಂಬುದನ್ನು ಬಲ್ಲೆ. ಆದರೂ ಒಪ್ಪಲು ಮನಸ್ಸು ಬಾರದ್ದರಿಂದ ಈ ಪ್ರಶ್ನೆ.

ಮೂಲದಲ್ಲಿ ಒಂದೇ ಪದದಡಿ ಸೇರಿರುವ ಸಂದರ್ಭಗಳು ಒಂದೇ ಜಾತಿಯವಲ್ಲ. 1914ಕ್ಕೆ ಮೊದಲು ಮೈಸೂರಿನ ಶ್ರೀಗಂಧದ ಮರ ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಆರಂಭವಾದೊಡನೆ ಆ ಬಾಗಿಲು ಮುಚ್ಚಿ, ಗಂಧದ ಕೋಠಿಗಳಲ್ಲಿ ಮಾಲು ಕೊಳ್ಳುವವರಿಲ್ಲದೆ ಉಳಿಯಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಆ ವರ್ಷಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ ಇಲ್ಲಿಯೇ ಎಣ್ಣೆ ಭಟ್ಟಿ ಇಳಿಸುವ ಕೆಲಸ 1916ರಲ್ಲಿ ಮೊದಲಾಯಿತು. ಗಂಧದ ಸೋಪು ಅದರ ಬೆನ್ನಿಗೇ ಬಂತು. ಇಲ್ಲಿ ನಡೆದದ್ದು ಹೊರಗಿನಿಂದ, ತಾರೀಕು ಹೇಳಬಹುದಾದಂತೆ, ಒಮ್ಮೆಲೇ ಬಿದ್ದ ಪೆಟ್ಟು. ‘ಬೆಳೆಗೆ ಹೊಡೆತ ಬಿತ್ತು’, ‘ವ್ಯಾಪಾರಕ್ಕೆ ಹೊಡೆತ ಬಿತ್ತು’ ಎಂದು ದಿನವೂ ಆಡುವ ನಮಗೆ ಈ ಅರ್ಥದಲ್ಲಿ ‘ಹೊಡೆತ’ ಸಾಲದೇ? ‘ಆಘಾತ’ ಎಂದೊಡನೆ ನನ್ನ ಕಿವಿಗೆ ಹೃದಯಾಘಾತ, ವಿದ್ಯುದಾಘಾತಗಳೇ ಕೇಳಿಸುತ್ತವೆ. ಅದಕ್ಕೊಂದು ಮೈಯೋ ಮನಸ್ಸೋ ಬೇಕೆನಿಸುತ್ತದೆ.

1929ರಲ್ಲಿ ಮೊದಲಾದ ಜಾಗತಿಕ ಆರ್ಥಿಕ ಕುಸಿತದ ನಂತರದ ಸ್ಥಿತಿಯೇ ಬೇರೆ. ಅದು ಬಿದ್ದ ಪೆಟ್ಟಲ್ಲ, ವರ್ಷಗಟ್ಟಲೆ ಎಳೆದ ಅವಸ್ಥೆ. ಆ ಕಾಲದಲ್ಲಿಯೇ, ಸಕ್ಕರೆ ಉದ್ಯಮಕ್ಕೆ 1932ರ ಕಾಯಿದೆಯಿಂದ ಆಮದು ಸುಂಕದ ರಕ್ಷಣೆ ದೊರೆತ ಮೇಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ‘ಆಘಾತದ ಕಾಲದಲ್ಲಿ ಹುಟ್ಟಿತು’ ಎಂದು ಬರೆದರೆ ವಾಕ್ಯ ಕುಂಟುತ್ತದೆ. ‘ಮುಗ್ಗಟ್ಟಿನ ಕಾಲದಲ್ಲಿ’ ಎಂದರೆ ತಾನಾಗಿ ಕೂರುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯದು ಇವೆರಡರ ನಡುವಿನ ತೊಡಕು. ಯುದ್ಧಕಾಲದಲ್ಲಿ ಕೈಗೊಂಡ ಆ ಕಾರ್ಖಾನೆಯಲ್ಲಿ ಕಬ್ಬಿಣ ಇಳಿಯತೊಡಗಿದ್ದು 1923ರಲ್ಲಿ. ಅಷ್ಟು ಹೊತ್ತಿಗೆ ಕಬ್ಬಿಣದ ಬೆಲೆಯೇ ಇಳಿದುಹೋಗಿತ್ತು. ಅಲ್ಲಿ ‘ಬೆಲೆ ಕುಸಿತ’ ಎಂದು ಬಿಡಿಸಿ ಹೇಳುವುದೇ ಮೇಲೆಂದು ನನ್ನ ಅಭಿಪ್ರಾಯ.

ಇದರ ಜೊತೆಗೇ ಇನ್ನೊಂದು ಸಣ್ಣ ಸಂದೇಹ. ‘ಮ್ಯಾನುಫ್ಯಾಕ್ಚರಿಂಗ್’ ಎಂಬುದಕ್ಕೆ ‘ಉತ್ಪಾದನೆ’ ಎಂದರೆ ಭತ್ತ, ಹಾಲು, ವಿದ್ಯುತ್ತು ಎಲ್ಲವೂ ಒಳಗೆ ಬರುತ್ತವೆ. ಮರ ಮಾರುತ್ತಿದ್ದವರು ಎಣ್ಣೆ ಮಾಡಿ ಮಾರತೊಡಗಿದರು ಎಂಬುದೇ ಮುಖ್ಯವಾಗಿರುವ ಲೇಖನದಲ್ಲಿ ಆ ಪದ ಇಡೀ ವಾದವನ್ನೇ ಮಸುಕು ಮಾಡುತ್ತದೆ. ಆದ್ದರಿಂದ ‘ತಯಾರಿಕೆ’ಯನ್ನು ಉಳಿಸಿಕೊಂಡಿದ್ದೇನೆ. ಆದರೆ ‘ತಯಾರಿಕಾ ವಲಯ’ ಎಂದು ಬರೆಯಲು ಕೈ ತಡೆಯುತ್ತದೆ. ‘ತಯಾರು’ ಸಂಸ್ಕೃತವಲ್ಲ, ‘ಇಕೆ’ ನಮ್ಮದೇ ಪ್ರತ್ಯಯ; ‘ಭಾಷೆ’ ‘ಭಾಷಾ’ ಆದಂತೆ ಇದೂ ‘ತಯಾರಿಕಾ’ ಆಗಬೇಕೇ? ‘ಚುನಾವಣಾ’ ಎಂಬುದನ್ನು ಎಲ್ಲರೂ ನುಂಗಿಕೊಂಡಿರುವಾಗ ನನ್ನ ಈ ಮಡಿ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಸದ್ಯಕ್ಕೆ ‘ತಯಾರಿಕೆಯ ವಲಯ’ ಎಂದಿಟ್ಟಿದ್ದೇನೆ.

ನಿಜವಾದ ಕಗ್ಗಂಟು ಇರುವುದು ಲೇಖನದ ಕೊನೆಯಲ್ಲಿ. ಅರ್ಥಶಾಸ್ತ್ರದಲ್ಲಿ ಬೇಡಿಕೆ ಹಠಾತ್ತನೆ ಏರಿದರೂ ಅದು ‘ಶಾಕ್’ ಎನಿಸುತ್ತದೆ. ಎರಡನೆಯ ಮಹಾಯುದ್ಧ ಆರಂಭವಾಗಿ ವಿಮಾನಗಳಿಗೆ ಬೇಡಿಕೆ ಬಂದಾಗ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭವಾದದ್ದನ್ನೂ ಲೇಖಕರು ಅದೇ ಪದದಿಂದ ವಿವರಿಸುತ್ತಾರೆ. ಇಲ್ಲಿ ‘ಆಘಾತ’ವೂ ಸಲ್ಲದು, ನಾನು ಇಷ್ಟು ಹೊತ್ತು ಹಿಡಿದುಕೊಂಡು ಬಂದ ‘ಹೊಡೆತ’ವೂ ಸಲ್ಲದು. ‘ಪಲ್ಲಟ’ವನ್ನು ಇಟ್ಟು ನೋಡಿದೆ, ಒಳಿತು ಕೆಡುಕು ಎರಡಕ್ಕೂ ಅದು ಒಗ್ಗುತ್ತದೆ, ಆದರೆ ಹಠಾತ್ತಾಗಿ ಆದದ್ದು ಎಂಬ ಅರ್ಥ ಅದರಲ್ಲಿಲ್ಲ. ‘ಹಠಾತ್ ಪಲ್ಲಟ’ ಎಂದು ಜೋಡಿಸಿದರೆ ಪರಿಭಾಷೆಯಾಗಿ ನಿಲ್ಲುವುದೇ, ಅಥವಾ ಏರಿಕೆ ಇಳಿಕೆ ಎರಡಕ್ಕೂ ಹೊಂದುವ ಒಂಟಿ ಪದವೊಂದು ಮಾರುಕಟ್ಟೆಯ ಮಾತಿನಲ್ಲಿಯೋ ನೇಯ್ಗೆಯವರ, ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ ಮಾತಿನಲ್ಲಿಯೋ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.